ಬಾಗಿಲು ತೆರೆದಿಟ್ಟು ಯಂತ್ರ ನಡೆಸುವುದು: ಮ್ಯಾನುಯಲ್ ಮೋಡ್‌ಗೆ ಇಂಟರ್‌ಲಾಕ್ ಕಟ್ಟಿದ ಹದಿನಾಲ್ಕು ವಾರಗಳು

ನಮ್ಮ ಜೋಡಣಾ ಯಂತ್ರದ ಮ್ಯಾನುಯಲ್ ಮೋಡನ್ನು, ಅಂದರೆ ಗುಂಡಿ ಒತ್ತಿ ಒಂದೊಂದೇ ಚಲನೆಯನ್ನು ಕೈಯಾರೆ ನಡೆಸುವ ವಿಧಾನವನ್ನು, ಬುಡದಿಂದ ಕಳಚಿ, ಇಂಟರ್‌ಲಾಕ್ (ಅಪಾಯದ ಸ್ಥಿತಿಯಲ್ಲಿ ಚಲನೆಯನ್ನು ತಡೆಯುವ ವ್ಯವಸ್ಥೆ) ಸೇರಿಸಿ ಮತ್ತೆ ಕಟ್ಟುವ ಕೆಲಸ ಕಳೆದ ವಾರ ಮುಗಿಯಿತು. ಆರಂಭದಲ್ಲಿ ನಾನು ಮೂರು ವಾರ ಸಾಕು ಎಂದು ಬರೆದುಕೊಟ್ಟಿದ್ದೆ. ಹಿಡಿದದ್ದು ಹದಿನಾಲ್ಕು ವಾರ. ಉಳಿದ ಹನ್ನೊಂದು ವಾರಗಳು ಎಲ್ಲಿ ಕರಗಿದವು ಎಂಬುದು ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ, ಏಕೆಂದರೆ ಇದೇ ಕೆಲಸಕ್ಕೆ ಕೈಹಾಕುವ ಇನ್ನೊಬ್ಬರು ಕನಿಷ್ಠ ನಾನು ಎಡವಿದ ಕಲ್ಲುಗಳನ್ನಾದರೂ ಮೊದಲೇ ಕಾಣಬೇಕು.

ಯಂತ್ರದ ನಡುವೆ ಆರು ನಿಲ್ದಾಣಗಳ ತಿರುಗುವ ಮೇಜು, ಮೋಟಾರಿನಿಂದ ಒತ್ತುವ ಒಂದು ಸರ್ವೋ ಪ್ರೆಸ್, ಗಾಳಿಯಿಂದ ನಡೆಯುವ ಕ್ಲ್ಯಾಂಪ್‌ಗಳು ಮತ್ತು ಭಾಗಗಳನ್ನು ಎತ್ತಿಡುವ ಒಂದು ತೋಳು ಇವೆ. ಮುಂದೆ ಲೈಟ್ ಕರ್ಟನ್ (ಬೆಳಕಿನ ಕಿರಣಗಳಿಗೆ ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಸಾಧನ), ಎರಡು ಬದಿಗೆ ಎರಡು ಬಾಗಿಲು, ಹಿಂದೊಂದು ಬಾಗಿಲು. ಈ ಕೆಲಸಕ್ಕೆ ಕಾರಣವಾದ ಘಟನೆ ನಡೆದ ದಿನ ಮೆಂಟೆನನ್ಸ್‌ನ ಒಬ್ಬರು ಹಿಂದಿನ ಬಾಗಿಲಿನಿಂದ ಒಳಹೋಗಿ ಮೂರನೆಯ ನಿಲ್ದಾಣದ ಸೆನ್ಸರ್ ಸರಿಪಡಿಸುತ್ತಿದ್ದರು. ಪ್ಯಾನೆಲ್ ಮುಂದೆ ನಿಂತಿದ್ದ ಇನ್ನೊಬ್ಬರಿಗೆ ಮೂರನೆಯ ಕ್ಲ್ಯಾಂಪ್ ಬಿಡಿಸಲು ಕೂಗಿ ಹೇಳಿದರು. ಪ್ಯಾನೆಲ್ ಮುಂದಿದ್ದವರ ಬೆರಳು ಪಕ್ಕದ, ನಾಲ್ಕನೆಯ ಕ್ಲ್ಯಾಂಪಿನ ಗುಂಡಿಯ ಮೇಲೆ ಬಿತ್ತು. ಒಳಗಿದ್ದವರ ಕೈಗವಸಿನ ತುದಿ ಕ್ಲ್ಯಾಂಪಿನಲ್ಲಿ ಸಿಕ್ಕಿತು. ಕೈಗವಸು ಸಡಿಲವಾಗಿದ್ದುದರಿಂದ ಬೆರಳು ಹೊರಬಂತು. ಗಾಯವಾಗಲಿಲ್ಲ.

ಹಿಂದಿನ ಬಾಗಿಲು ತೆರೆದಿದ್ದರೂ ಯಂತ್ರಕ್ಕೆ ಅದು ಗೊತ್ತಿರಲಿಲ್ಲ. ಬಾಗಿಲಿನ ಸ್ವಿಚ್ಚಿಗೆ ಯಾರೋ ಒಂದು ಬಿಡಿ ಮ್ಯಾಗ್ನೆಟ್ಟನ್ನು ಟೇಪಿನಿಂದ ಅಂಟಿಸಿದ್ದರು, ಆ ಟೇಪಿನ ಮೇಲೆ ಕುಳಿತಿದ್ದ ಧೂಳನ್ನು ನೋಡಿದರೆ ಅದು ನಿನ್ನೆ ಮೊನ್ನೆಯದಲ್ಲ. ಮೊದಲ ಸಭೆಯಲ್ಲಿ ಎಲ್ಲರ ಸಿಟ್ಟೂ ಆ ಟೇಪಿನ ಕಡೆಗೆ ತಿರುಗಿತು. ನನಗೆ ಮಾತ್ರ ಬಾಯಿ ಬರಲಿಲ್ಲ, ಏಕೆಂದರೆ ಆರು ವರ್ಷಗಳ ಹಿಂದೆ ಆ ಯಂತ್ರದ ಮ್ಯಾನುಯಲ್ ಪ್ರೋಗ್ರಾಂ ಬರೆದವನು ನಾನೇ. ಪಿಎಲ್‌ಸಿ (ಯಂತ್ರವನ್ನು ನಡೆಸುವ ನಿಯಂತ್ರಣ ಕಂಪ್ಯೂಟರ್) ತೆರೆದು ನೋಡಿದರೆ ಪ್ರತಿ ಚಲನೆಗೂ ಒಂದೇ ಸಾಲು: ಮ್ಯಾನುಯಲ್ ಆಯ್ಕೆಯಾಗಿದ್ದು, ಗುಂಡಿ ಒತ್ತಿದ್ದರೆ, ವಾಲ್ವ್ ಆನ್. ಮ್ಯಾನುಯಲ್ ಎಂದರೆ ತಿಳಿದವರು ನಡೆಸುವುದು, ಅವರಿಗೆ ಅಡ್ಡಿ ಮಾಡಬಾರದು ಎಂದು ಆಗ ನಾನು ನಂಬಿದ್ದೆ.

ಮೊದಲ ಎರಡು ವಾರ ಹೋದದ್ದು ಕಾಗದಪತ್ರಗಳಿಗೆ. ವಿದ್ಯುತ್ ಡ್ರಾಯಿಂಗ್‌ನಲ್ಲಿ ಎರಡು ಬಾಗಿಲುಗಳಿದ್ದವು, ಯಂತ್ರದಲ್ಲಿ ಮೂರು. ಗಾಳಿಯ ಸರ್ಕ್ಯೂಟಿನ ಹಾಳೆಯಲ್ಲಿದ್ದ ಒಂದು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಯಂತ್ರದಲ್ಲಿ ಕಾಣಲಿಲ್ಲ. ಯಂತ್ರದಲ್ಲಿದ್ದ ಎರಡು ಹಾಳೆಯಲ್ಲಿ ಇರಲಿಲ್ಲ. ಕಂಪ್ಯೂಟರಿನಲ್ಲಿದ್ದ ಬ್ಯಾಕಪ್ಪಿಗೂ ಪಿಎಲ್‌ಸಿಯೊಳಗೆ ಓಡುತ್ತಿದ್ದ ಪ್ರೋಗ್ರಾಂಗೂ ನಲವತ್ತಕ್ಕೂ ಹೆಚ್ಚು ಕಡೆ ವ್ಯತ್ಯಾಸವಿತ್ತು. ಈ ಹಂತವನ್ನು ಬಿಟ್ಟು ಮುಂದೆ ಹೋಗುವ ಆಸೆ ಬಲವಾಗಿ ಆಗುತ್ತದೆ, ದಯವಿಟ್ಟು ಹೋಗಬೇಡಿ. ಪ್ರತಿ ವೈರನ್ನೂ ಪ್ರತಿ ಹೋಸನ್ನೂ ಬೆರಳಿಟ್ಟು ಹಿಂಬಾಲಿಸಿ ಕೆಂಪು ಪೆನ್ನಿನಲ್ಲಿ ತಿದ್ದಿದ ಆ ಹಾಳೆಗಳು ಇಲ್ಲದಿದ್ದರೆ ಕೊನೆಯ ಪರೀಕ್ಷೆಯಲ್ಲಿ ನಾನು ಕುರುಡನಾಗುತ್ತಿದ್ದೆ.

ಮೂರನೆಯ ವಾರ ಪ್ಯಾನೆಲ್ಲಿನಿಂದ ದೂರವಿದ್ದು, ಎರಡು ಶಿಫ್ಟ್ ಪೂರ್ತಿ ಯಂತ್ರದ ಬಳಿ ಸ್ಟೂಲ್ ಹಾಕಿಕೊಂಡು ಕುಳಿತೆ. ಯಾರು ಯಾವ ಬಾಗಿಲನ್ನು ಏಕೆ ತೆರೆಯುತ್ತಾರೆ ಎಂದು ಬರೆದುಕೊಳ್ಳುತ್ತಾ ಹೋದಾಗ ಹನ್ನೊಂದು ಕಾರಣಗಳು ಸಿಕ್ಕವು. ಅವುಗಳಲ್ಲಿ ಏಳಕ್ಕೆ ಯಂತ್ರ ಪೂರ್ತಿ ನಿಂತಿದ್ದರೆ ಸಾಕು. ಉಳಿದ ನಾಲ್ಕು ಕೆಲಸಗಳು, ಅಂದರೆ ಸೆನ್ಸರ್ ಹೊಂದಿಸುವುದು, ಪ್ರೆಸ್ಸಿನ ಟೂಲ್ ನೇರ ಮಾಡುವುದು, ತೋಳಿಗೆ ಸ್ಥಾನ ಕಲಿಸುವುದು ಮತ್ತು ಸಿಕ್ಕಿಕೊಂಡ ಭಾಗವನ್ನು ಬಿಡಿಸುವುದು, ಚಲನೆಯನ್ನು ಹತ್ತಿರದಿಂದ ಕಣ್ಣಾರೆ ಕಾಣದೆ ಆಗುವಂಥವಲ್ಲ. "ಸಾರ್, ಬಾಗಿಲು ಮುಚ್ಚಿದರೆ ಸೆನ್ಸರಿನ ದೀಪ ಕಾಣುವುದಿಲ್ಲ, ತೆರೆದರೆ ಯಂತ್ರ ಸಾಯುತ್ತದೆ, ನಾವು ಏನು ಮಾಡಬೇಕು?" ಎಂದು ಅಲ್ಲಿದ್ದ ಒಬ್ಬ ಹಿರಿಯ ಆಪರೇಟರ್ ಕೇಳಿದರು. ಟೇಪಿನ ಕಥೆ ಅಷ್ಟರಲ್ಲೇ ಇತ್ತು. ಇಂಟರ್‌ಲಾಕ್ ಸಾಧನಗಳ ಮಾನದಂಡವಾದ ಐಎಸ್ಒ 14119 ಕೂಡ, ಜನರಿಗೆ ಇಂಟರ್‌ಲಾಕನ್ನು ವಂಚಿಸುವ ಪ್ರೇರಣೆ ಎಲ್ಲಿಂದ ಬರುತ್ತದೆ ಎಂದು ಕೆಲಸ ಕೆಲಸಕ್ಕೂ ಲೆಕ್ಕ ಹಾಕಲು ಹೇಳುತ್ತದೆ. ನಾನು ಅದನ್ನು ಓದಿದ್ದು ಆ ಸ್ಟೂಲಿನಿಂದ ಎದ್ದ ಮೇಲೆ.

ಇಲ್ಲಿ ಒಂದು ಪದದ ಗೊಂದಲವನ್ನು ಬಿಡಿಸಬೇಕು, ಏಕೆಂದರೆ ನಮ್ಮ ಸಭೆಗಳಲ್ಲಿ ಇದರಿಂದಲೇ ಗಂಟೆಗಟ್ಟಲೆ ವ್ಯರ್ಥವಾಯಿತು. ಇಂಟರ್‌ಲಾಕ್ ಎಂದಾಗ ಅರ್ಧ ಜನ ಬಾಗಿಲಿನ ಸ್ವಿಚ್ಚನ್ನು ಯೋಚಿಸುತ್ತಿದ್ದರು, ಇನ್ನರ್ಧ ಜನ ಪಿಎಲ್‌ಸಿಯೊಳಗಿನ ತರ್ಕವನ್ನು. ಮೊದಲನೆಯದು ಮನುಷ್ಯರನ್ನು ಕಾಯುತ್ತದೆ; ಅದಕ್ಕೆ ಎರಡು ಚಾನೆಲ್ (ಒಂದೇ ಸಂಕೇತಕ್ಕೆ ಎರಡು ಪ್ರತ್ಯೇಕ ವೈರ್ ದಾರಿ), ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿ, ದೋಷ ಪತ್ತೆ ಎಲ್ಲವೂ ಬೇಕು. ಎರಡನೆಯದು ಯಂತ್ರವನ್ನು ಯಂತ್ರದಿಂದಲೇ ಕಾಯುತ್ತದೆ: ತೋಳು ಒಳಗಿದ್ದರೆ ಪ್ರೆಸ್ ಇಳಿಯಬಾರದು, ಪ್ರೆಸ್ ಕೆಳಗಿದ್ದರೆ ಮೇಜು ತಿರುಗಬಾರದು. ಎರಡನೆಯದು ಎಷ್ಟೇ ಚೆನ್ನಾಗಿದ್ದರೂ ಮೊದಲನೆಯದರ ಜಾಗವನ್ನು ತುಂಬುವುದಿಲ್ಲ. ನಮ್ಮ ಯಂತ್ರದಲ್ಲಿ ಮೊದಲನೆಯದಕ್ಕೆ ಟೇಪ್ ಬಿದ್ದಿತ್ತು, ಎರಡನೆಯದನ್ನು ನಾನು ಬರೆದೇ ಇರಲಿಲ್ಲ.

ಅಪಾಯದ ಅಂದಾಜಿಗೆ ಯಂತ್ರ ಸುರಕ್ಷತೆಯ ಮಾನದಂಡಗಳಾದ ಐಎಸ್ಒ 12100 ಮತ್ತು ಐಎಸ್ಒ 13849-1 ಹಿಡಿದುಕೊಂಡೆವು. ಗಾಯ ಎಷ್ಟು ತೀವ್ರ, ಒಡ್ಡಿಕೊಳ್ಳುವುದು ಎಷ್ಟು ಸಲ, ತಪ್ಪಿಸಿಕೊಳ್ಳಲು ಸಾಧ್ಯವೇ ಎಂಬ ಮೂರು ಪ್ರಶ್ನೆಗಳ ಕವಲುಚಿತ್ರದಲ್ಲಿ ಸಾಗಿದರೆ ಸುರಕ್ಷತಾ ವ್ಯವಸ್ಥೆ ಎಷ್ಟು ನಂಬಿಕಸ್ತವಾಗಿರಬೇಕು ಎಂದು ಹೇಳುವ, ಪಿಎಲ್ (ಪರ್ಫಾರ್ಮೆನ್ಸ್ ಲೆವೆಲ್) ಎ ಇಂದ ಪಿಎಲ್ ಇ ತನಕದ ಒಂದು ಮಟ್ಟ ಸಿಗುತ್ತದೆ. ಪ್ರೆಸ್ಸಿನಲ್ಲಿ ಗಾಯ ಸರಿಪಡಿಸಲಾಗದ್ದು, ಒಳಗೆ ಕೈಹಾಕುವುದು ಪ್ರತಿ ಶಿಫ್ಟಿನಲ್ಲೂ ಇದೆ, ವೇಗ ತೀರಾ ಕಡಿಮೆಯಿದ್ದರೆ ಮಾತ್ರ ಕೈ ಹಿಂತೆಗೆಯಬಹುದು. ವೇಗವನ್ನು ಕಟ್ಟಿಹಾಕುವ ಕೆಲಸಕ್ಕೆ ಪಿಎಲ್ ಡಿ ಬಂತು. ಅಂದರೆ ಅಪಾಯಕಾರಿ ವೈಫಲ್ಯದ ಸಂಭವ ಗಂಟೆಗೆ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು. ಬಾಗಿಲುಗಳಿಗೂ ಅದೇ ಮಟ್ಟ. ಈ ಹಾಳೆಗೆ ಉತ್ಪಾದನೆ, ಮೆಂಟೆನನ್ಸ್, ಸುರಕ್ಷತೆ ಮೂರು ವಿಭಾಗಗಳ ಸಹಿ ಬೀಳಲು ಹನ್ನೆರಡು ದಿನ ಹಿಡಿಯಿತು. ಸಹಿಗೆ ಕಳುಹಿಸುವ ಬದಲು ಮೂವರನ್ನೂ ಯಂತ್ರದ ಮುಂದೆ ನಿಲ್ಲಿಸಿ ಒಂದೇ ಮಧ್ಯಾಹ್ನದಲ್ಲಿ ಮುಗಿಸಬಹುದಿತ್ತು ಎಂದು ಆಮೇಲೆ ತಿಳಿಯಿತು.

ನಾವು ಒಪ್ಪಿಕೊಂಡ ರಚನೆ ಹೀಗಿತ್ತು. ಕೀಲಿಯಿಂದ ತಿರುಗುವ ಮೋಡ್ ಸ್ವಿಚ್. ಅದನ್ನು ತಿರುಗಿಸಿದ ಮಾತ್ರಕ್ಕೆ ಏನೂ ಚಲಿಸಬಾರದು, ನಡೆಯುತ್ತಿರುವುದು ನಿಲ್ಲಬೇಕು, ಹಳೆಯ ಆಜ್ಞೆಗಳೆಲ್ಲ ಅಳಿಯಬೇಕು. ಆಟೋ ಮೋಡ್‌ನಲ್ಲಿ, ಅಂದರೆ ಯಂತ್ರ ತಾನಾಗಿ ಓಡುವಾಗ, ಯಾವ ಬಾಗಿಲು ತೆರೆದರೂ ಪೂರ್ತಿ ನಿಲುಗಡೆ. ಮ್ಯಾನುಯಲ್‌ನಲ್ಲಿ ಒಂದೇ ಒಂದು ಬಾಗಿಲು, ಅಂದರೆ ಪೆಂಡೆಂಟ್ (ಕೈಯಲ್ಲಿ ಹಿಡಿಯುವ ನಿಯಂತ್ರಣ ಪೆಟ್ಟಿಗೆ) ಸಿಕ್ಕಿಸಿರುವ ಬಾಗಿಲು ಮಾತ್ರ, ತೆರೆದಿರಬಹುದು. ಇನ್ನೊಂದನ್ನು ಬೇರೆಯವರು ತೆರೆದರೆ ಎಲ್ಲವೂ ನಿಲ್ಲುತ್ತದೆ. ಪೆಂಡೆಂಟ್ ಸಿಕ್ಕಿಸಿದ ಕ್ಷಣದಿಂದ ಪ್ಯಾನೆಲ್ಲಿನ ಎಲ್ಲ ಚಲನೆಯ ಗುಂಡಿಗಳೂ ಸತ್ತಂತೆ, ಎಮರ್ಜೆನ್ಸಿ ಸ್ಟಾಪ್ ಮಾತ್ರ ಜೀವಂತ. ಒಳಗಿರುವವರ ಕೈಯಲ್ಲೇ ಆಜ್ಞೆ ಇರಬೇಕೆಂಬುದು ನಮ್ಮ ಘಟನೆಗೆ ನೇರ ಉತ್ತರವಾಗಿತ್ತು.

ಪೆಂಡೆಂಟ್‌ನಲ್ಲಿ ಮೂರು ಸ್ಥಾನದ ಎನೇಬಲಿಂಗ್ (ಚಲನೆಗೆ ಅನುಮತಿ ಕೊಡುವ) ಸ್ವಿಚ್ ಇದೆ. ಬಿಟ್ಟರೆ ಆಫ್, ಮಧ್ಯಕ್ಕೆ ಒತ್ತಿದರೆ ಆನ್, ಪೂರ್ತಿ ಹಿಸುಕಿದರೆ ಮತ್ತೆ ಆಫ್. ಗಾಬರಿಬಿದ್ದ ಕೈ ಒಂದೋ ಬಿಟ್ಟುಬಿಡುತ್ತದೆ, ಇಲ್ಲವೇ ಬಿಗಿಯುತ್ತದೆ. ಎರಡೂ ಸಂದರ್ಭದಲ್ಲಿ ಯಂತ್ರ ನಿಲ್ಲಬೇಕು. ಹಿಸುಕಿದ ಸ್ಥಾನದಿಂದ ಸಡಿಲಿಸುವಾಗ ಮಧ್ಯದಲ್ಲಿ ಮತ್ತೆ ಆನ್ ಆಗಕೂಡದು, ಪೂರ್ತಿ ಬಿಟ್ಟು ಹೊಸದಾಗಿ ಒತ್ತಬೇಕು. ಅದರ ಜೊತೆಗೆ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಚಲಿಸುವ ಗುಂಡಿಗಳು. ಎನೇಬಲಿಂಗ್ ಸ್ವಿಚ್ ಅನುಮತಿ ಮಾತ್ರ, ಅದೇ ಚಲನೆಯ ಆಜ್ಞೆಯಾಗಬಾರದು ಎಂಬುದನ್ನು ಒಬ್ಬ ಗುತ್ತಿಗೆದಾರರಿಗೆ ಮೂರು ಸಲ ವಿವರಿಸಬೇಕಾಯಿತು.

ವೇಗದ ವಿಷಯದಲ್ಲಿ ಒಂದು ಎಚ್ಚರಿಕೆ. ರೋಬಾಟ್‌ಗಳ ಮ್ಯಾನುಯಲ್ ವೇಗಕ್ಕೆ ಸೆಕೆಂಡಿಗೆ 250 ಮಿಲಿಮೀಟರ್ ಎಂಬ ಮಿತಿ ಪ್ರಸಿದ್ಧವಾಗಿರುವುದರಿಂದ ಎಲ್ಲರೂ ಅದನ್ನೇ ಎಲ್ಲ ಯಂತ್ರಗಳಿಗೂ ಎತ್ತಿಡುತ್ತಾರೆ; ನಮ್ಮ ಮೊದಲ ಕರಡಿನಲ್ಲೂ ಅದೇ ಇತ್ತು. ಪ್ರೆಸ್ ಟೂಲ್ ಮುಚ್ಚಿಕೊಳ್ಳುವ ಕಡೆ ಆ ವೇಗದಲ್ಲಿ ಕೈ ಹಿಂತೆಗೆಯಲಾಗದು. ಪ್ರೆಸ್‌ಗಳ ಮಾನದಂಡಗಳಲ್ಲಿ ನಿಧಾನ ಮುಚ್ಚುವಿಕೆಗೆ ಸೆಕೆಂಡಿಗೆ 10 ಮಿಲಿಮೀಟರ್ ಎಂಬ ಮಿತಿಯಿದೆ, ನಾವು ಅದನ್ನೇ ಹಿಡಿದೆವು.

ಇಲ್ಲಿಯೇ ಮೊದಲ ದೊಡ್ಡ ಅಡ್ಡಿ ಎದುರಾಯಿತು. ಪ್ರೆಸ್ಸಿನ ಮೋಟಾರನ್ನು ನಡೆಸುವ ಹಳೆಯ ಸರ್ವೋ ಡ್ರೈವ್‌ನಲ್ಲಿ ಇದ್ದದ್ದು ಮೋಟಾರಿನ ಬಲವನ್ನು ಕಡಿದುಹಾಕುವ ಎಸ್‌ಟಿಒ ಒಂದೇ. ವೇಗ ಮಿತಿಯನ್ನು ಡ್ರೈವ್ ತಾನೇ ಕಾಯುವ ಎಸ್‌ಎಲ್‌ಎಸ್ ಇರಲಿಲ್ಲ. ಅದಕ್ಕೆ ಬೇಕಾದ ಹೆಚ್ಚುವರಿ ಕಾರ್ಡ್ ಆ ಹಳೆಯ ಆವೃತ್ತಿಗೆ ಕೂರುವುದಿಲ್ಲ ಎಂದು ಆರ್ಡರ್ ಹಾಕಿ ಹತ್ತು ದಿನವಾದ ಮೇಲೆ ಉತ್ತರ ಬಂತು. ಸಾಮಾನ್ಯ ಪಿಎಲ್‌ಸಿಯಲ್ಲೇ ವೇಗದ ಸಂಖ್ಯೆಯನ್ನು ಕಡಿಮೆ ಇಟ್ಟರಾಯಿತಲ್ಲ ಎಂಬ ಸಲಹೆ ಬಂತು. ಆದರೆ ಆ ಸಂಖ್ಯೆ ತಪ್ಪಾದಾಗ ನಿಲ್ಲಿಸುವವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕೊನೆಗೆ ಡ್ರೈವ್, ಮೋಟಾರ್, ಅದರ ತಿರುಗುವಿಕೆಯನ್ನು ಅಳೆಯುವ ಎನ್‌ಕೋಡರ್ ಮೂರನ್ನೂ ಬದಲಿಸಿದೆವು, ಅವು ಬರಲು ಐದು ವಾರ ಕಾದೆವು. ಇಡೀ ಯೋಜನೆಯ ಖರ್ಚಿನಲ್ಲಿ ಅತಿ ದೊಡ್ಡ ಭಾಗ ಇದೇ ಆಯಿತು, ಅಂದಾಜುಪಟ್ಟಿಯಲ್ಲಿ ಇದರ ಹೆಸರೂ ಇರಲಿಲ್ಲ. ಆದ್ದರಿಂದ ಮೊದಲ ದಿನವೇ ನಿಮ್ಮ ಡ್ರೈವ್‌ನ ಪೂರ್ತಿ ಮಾದರಿ ಸಂಖ್ಯೆ ಹಾಗೂ ಆವೃತ್ತಿಯನ್ನು ಬರೆದುಕೊಂಡು ಅದರಲ್ಲಿ ಯಾವ ಸುರಕ್ಷತಾ ಕಾರ್ಯಗಳಿವೆ ಎಂದು ಲಿಖಿತವಾಗಿ ಕೇಳಿ.

ಕಾಯುವ ಆ ಐದು ವಾರಗಳಲ್ಲಿ ನಾನು ತರ್ಕವನ್ನು ಬರೆದೆ. ದೊಡ್ಡ ಹಾಳೆಯಲ್ಲಿ ಒಂದು ಕೋಷ್ಟಕ: ಅಡ್ಡಸಾಲುಗಳಲ್ಲಿ ಇಪ್ಪತ್ತೆರಡು ಚಲನೆಗಳು, ಕಂಬಸಾಲುಗಳಲ್ಲಿ ಅವುಗಳಿಗೆ ಬೇಕಾದ ಸ್ಥಿತಿಗಳು. ನಾನು ಇಟ್ಟುಕೊಂಡ ಒಂದು ಕಟ್ಟುನಿಟ್ಟು ಎಂದರೆ ಸ್ಥಿತಿಯನ್ನು ಯಾವಾಗಲೂ ಇದೆ ಎಂದು ಕೇಳಬೇಕು, ಇಲ್ಲ ಎಂದು ಕೇಳಬಾರದು. ತೋಳು ಒಳಗೆ ಇಲ್ಲ ಎಂಬ ಸೂಚನೆ ವೈರ್ ತುಂಡಾದರೂ ಸಿಗುತ್ತದೆ. ತೋಳು ಹೊರಗೆ ಇದೆ ಎಂಬುದು ಸೆನ್ಸರ್ ಕೆಲಸ ಮಾಡುತ್ತಿದ್ದರೆ ಮಾತ್ರ ಸಿಗುತ್ತದೆ. ಎರಡು ತುದಿಯ ಸೆನ್ಸರ್‌ಗಳೂ ಒಟ್ಟಿಗೆ ಆನ್ ಆಗಿದ್ದರೆ ಯಾವುದನ್ನೂ ನಂಬದೆ ನಿಲ್ಲಿಸಬೇಕು. ಕೋಷ್ಟಕ ತುಂಬಿದ ಮೇಲೆ ಅದರ ಅಂದ ನೋಡಿ ನನಗೇ ಹೆಮ್ಮೆಯಾಯಿತು.

ಹನ್ನೊಂದನೆಯ ವಾರ ಐದು ದಿನ ಉತ್ಪಾದನೆ ನಿಲ್ಲಿಸಿ ಎಲ್ಲವನ್ನೂ ಜೋಡಿಸಿದೆವು. ಆರನೆಯ ದಿನ ಬೆಳಿಗ್ಗೆ, ಮೇಜು ಅರ್ಧ ತಿರುಗಿದಾಗ ಎಮರ್ಜೆನ್ಸಿ ಸ್ಟಾಪ್ ಒತ್ತಿ ಪರೀಕ್ಷಿಸಿದಾಗ ಆ ಹೆಮ್ಮೆ ಇಳಿಯಿತು. ಮೇಜು ತನ್ನ ಸ್ಥಾನದಲ್ಲಿಲ್ಲ, ಆದ್ದರಿಂದ ತೋಳು ಹಿಂದೆ ಸರಿಯುವಂತಿಲ್ಲ; ತೋಳು ಹೊರಗಿಲ್ಲ, ಆದ್ದರಿಂದ ಮೇಜು ತಿರುಗುವಂತಿಲ್ಲ. ಒಂದನ್ನೊಂದು ಕಾಯುತ್ತ ಯಂತ್ರ ಕಗ್ಗಂಟಾಗಿ ನಿಂತಿತು. ಪಕ್ಕದಲ್ಲಿದ್ದ ಆಪರೇಟರ್ ಏನೂ ಹೇಳಲಿಲ್ಲ, ಸ್ಕ್ರೂಡ್ರೈವರ್ ತೆಗೆದುಕೊಂಡು ವಾಲ್ವ್ ಬ್ಯಾಂಕಿನ ಕಡೆ ನಡೆದರು. ವಾಲ್ವ್‌ನ ಮೇಲಿರುವ ಕೈಗುಂಡಿಯನ್ನು ಒತ್ತಿದರೆ ಯಾವ ತರ್ಕವೂ ಇಲ್ಲದೆ ಸಿಲಿಂಡರ್ ಓಡುತ್ತದೆ. ನಾನು ಅವರನ್ನು ತಡೆದೆ, ಆದರೆ ರಾತ್ರಿ ಪಾಳಿಯಲ್ಲಿ ತಡೆಯಲು ನಾನು ಇರುವುದಿಲ್ಲ.

ಪರಿಹಾರ ಹೊಳೆಯಲು ಎರಡು ದಿನ ಬೇಕಾಯಿತು. ಪ್ರತಿ ಚಲನೆಗೂ ಎರಡು ದಿಕ್ಕುಗಳಿವೆ, ಎರಡಕ್ಕೂ ಒಂದೇ ಷರತ್ತು ಹಾಕಿದ್ದೇ ನನ್ನ ತಪ್ಪು. ಪ್ರೆಸ್ ಇಳಿಯಲು ಆರು ಸ್ಥಿತಿಗಳು ಬೇಕು, ಏರಲು ಒಂದೂ ಬೇಕಿಲ್ಲ. ತೋಳು ಒಳಬರಲು ಮೇಜು ಸ್ಥಾನದಲ್ಲಿರಬೇಕು, ನೇರ ಮೇಲೆದ್ದು ಹಿಂದೆ ಸರಿಯಲು ತೋಳಿನ ತುದಿಯ ಗ್ರಿಪ್ಪರ್ ಭಾಗವನ್ನು ಬಿಟ್ಟಿದ್ದರೆ ಸಾಕು. ಅಪಾಯದಿಂದ ದೂರ ಸರಿಯುವ ದಿಕ್ಕನ್ನು ಸಡಿಲಿಸಿ, ಅಪಾಯದೊಳಗೆ ಹೋಗುವ ದಿಕ್ಕನ್ನು ಬಿಗಿಗೊಳಿಸಿ ಕೋಷ್ಟಕವನ್ನು ಮತ್ತೆ ಬರೆದೆ. ಪ್ರತಿ ಚಲನೆಯ ನಡುವೆ ಯಂತ್ರ ನಿಂತರೆ ಅಲ್ಲಿಂದ ಹೊರಬರುವ ದಾರಿ ಒಂದಾದರೂ ಇದೆಯೇ ಎಂದು ಕಾಗದದ ಮೇಲೆ ನಡೆದು ನೋಡಿದೆ. ಜೊತೆಗೆ ಪರದೆಯ ಮೇಲೆ, ಗುಂಡಿ ಒತ್ತಿದರೂ ಚಲಿಸದಿದ್ದಾಗ ಯಾವ ಸ್ಥಿತಿಗಾಗಿ ಕಾಯುತ್ತಿದೆ ಎಂದು ಬರೆದು ತೋರಿಸುವ ಒಂದು ಸಾಲು ಸೇರಿಸಿದೆ. ಇಡೀ ಕೆಲಸದಲ್ಲಿ ಆಪರೇಟರ್‌ಗಳು ಬಾಯಿಬಿಟ್ಟು ಮೆಚ್ಚಿದ್ದು ಈ ಸಾಲನ್ನು ಮಾತ್ರ.

ಟಚ್ ಸ್ಕ್ರೀನ್ ಇನ್ನೊಂದು ಪಾಠ ಕಲಿಸಿತು. ಪೆಂಡೆಂಟ್‌ನಲ್ಲಿ ಗುಂಡಿಗಳ ಸಂಖ್ಯೆ ಸಾಲದೆ, ಬಾಗಿಲು ಮುಚ್ಚಿದಾಗಿನ ಕೆಲವು ಚಲನೆಗಳನ್ನು ಪರದೆಯಲ್ಲೇ ಇಟ್ಟಿದ್ದೆ. ಒತ್ತಿ ಹಿಡಿದ ಹೊತ್ತಿನಲ್ಲಿ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿದರೆ ಮೇಜು ತಿರುಗುತ್ತಲೇ ಹೋಯಿತು, ಏಕೆಂದರೆ ಬೆರಳು ತೆಗೆದ ಸುದ್ದಿ ಪಿಎಲ್‌ಸಿಗೆ ತಲುಪಲೇ ಇಲ್ಲ. ಆಮೇಲೆ ಪರದೆಯಿಂದ ನಿರಂತರ ಬದಲಾಗುವ ಒಂದು ಸಂಖ್ಯೆಯನ್ನು ಕಳುಹಿಸಿ, ಅದು ಅರ್ಧ ಸೆಕೆಂಡ್ ನಿಂತರೆ ಎಲ್ಲ ಆಜ್ಞೆಗಳೂ ಅಳಿಯುವಂತೆ ಮಾಡಿದೆ. ಬಾಗಿಲು ತೆರೆದಾಗಿನ ಯಾವ ಚಲನೆಯನ್ನೂ ಟಚ್ ಸ್ಕ್ರೀನಿಗೆ ಬಿಡಬೇಡಿ. ಅದಕ್ಕೆ ವೈರ್ ಎಳೆದ ಗುಂಡಿಯೇ ಬೇಕು.

ಗಾಳಿಯ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಬಾಗಿಲು ತೆರೆದಾಗ ಗಾಳಿಯನ್ನು ಹೊರಹಾಕುವ ವಾಲ್ವ್ ಹಾಕಿದೆವು. ಆಗ ತಿಳಿದದ್ದು, ಡ್ರಾಯಿಂಗ್‌ನಲ್ಲಿ ಇಲ್ಲದ ಆ ಎರಡು ಚೆಕ್ ವಾಲ್ವ್‌ಗಳು ಸಿಲಿಂಡರಿನೊಳಗೆ ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತವೆ; ಗೇಜ್ ಸೊನ್ನೆ ತೋರಿಸಿದರೂ ಕ್ಲ್ಯಾಂಪ್ ಬಿಗಿಯಾಗಿಯೇ ಇತ್ತು. ಚೆಕ್ ವಾಲ್ವ್ ತೆಗೆಯುವಂತಿಲ್ಲ, ತೆಗೆದರೆ ತೋಳು ಭಾರಕ್ಕೆ ಕುಸಿಯುತ್ತದೆ. ಕ್ಲ್ಯಾಂಪಿಗೆ ಕೈಯಿಂದ ಒತ್ತಡ ಬಿಡುವ ವಾಲ್ವ್ ಮತ್ತು ಎಚ್ಚರಿಕೆಯ ಫಲಕ, ತೋಳಿಗೆ ಯಾಂತ್ರಿಕ ಬೀಗ, ಗಾಳಿ ಮರಳಿ ಬರುವಾಗ ಸಿಲಿಂಡರ್‌ಗಳು ರಪ್ಪನೆ ಹೊಡೆಯದಂತೆ ನಿಧಾನವಾಗಿ ತುಂಬುವ ವಾಲ್ವ್, ಹೀಗೆ ಮೂರು ಹೊಸ ವಸ್ತುಗಳು ಬೇಕಾದವು. ಇನ್ನೊಂದು ವಾರ ಹೋಯಿತು.

ಕೊನೆಯ ಪರೀಕ್ಷೆ, ಅಂದರೆ ಐಎಸ್ಒ 13849-2 ಹೇಳುವ ದೃಢೀಕರಣ, ಬೇಕೆಂದೇ ಕೆಡಿಸಿ ನೋಡುವ ಕೆಲಸ. ಒಂದು ಚಾನೆಲ್ಲಿನ ವೈರ್ ಕಿತ್ತೆವು, ಎರಡು ಚಾನೆಲ್‌ಗಳನ್ನು ಕೂಡಿಸಿದೆವು, ವಿದ್ಯುತ್ ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಅಂಟಿಕೊಂಡಂತೆ ನಟಿಸಿದೆವು, ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದೇ ಬಾಗಿಲು ಮುಚ್ಚಿದೆವು. ರೀಸೆಟ್ ಆಗಬೇಕಾದದ್ದು ಗುಂಡಿ ಬಿಟ್ಟಾಗ, ಒತ್ತಿದಾಗ ಅಲ್ಲ. ಎರಡು ಬದಿಯ ಬಾಗಿಲುಗಳ ಸ್ವಿಚ್‌ಗಳನ್ನು ಹಣ ಉಳಿಸಲು ಸರಣಿಯಾಗಿ ಜೋಡಿಸಿದ್ದೆವು. ಒಂದರ ಒಂದು ಚಾನೆಲ್ಲನ್ನು ಶಾರ್ಟ್ ಮಾಡಿ ಆ ಬಾಗಿಲು ತೆರೆದಾಗ ಸೇಫ್ಟಿ ಪಿಎಲ್‌ಸಿ ದೋಷವನ್ನು ಹಿಡಿಯಿತು, ಆದರೆ ಇನ್ನೊಂದು ಬಾಗಿಲನ್ನು ತೆರೆದು ಮುಚ್ಚಿದೊಡನೆ ದೋಷ ತಾನಾಗಿ ಅಳಿದುಹೋಯಿತು. ಇದಕ್ಕೆ ದೋಷ ಮರೆಮಾಚುವಿಕೆ ಎನ್ನುತ್ತಾರೆ, ಓದಿದ್ದೆ, ಕಣ್ಣಾರೆ ಕಂಡಾಗ ಮೈ ತಣ್ಣಗಾಯಿತು. ಪ್ರತಿ ಬಾಗಿಲಿಗೂ ಪ್ರತ್ಯೇಕ ಇನ್‌ಪುಟ್ ಕೊಟ್ಟೆವು.

ಲೈಟ್ ಕರ್ಟನ್‌ಗೆ ಕೈ ಅಡ್ಡ ಬಂದಾಗಿನಿಂದ ಯಂತ್ರ ಪೂರ್ತಿ ನಿಲ್ಲುವ ತನಕದ ಸಮಯವನ್ನು ಅಳೆಯುವ ಉಪಕರಣ ಬಾಡಿಗೆಗೆ ಸಿಗಲು ಎಂಟು ದಿನ ಕಾದೆವು. ಹಳೆಯ ಲೆಕ್ಕದಲ್ಲಿ ಒಟ್ಟು ಸಮಯ 0.2 ಸೆಕೆಂಡ್ ಎಂದು ಹಿಡಿದು, ಕೈಯ ವೇಗ ಸೆಕೆಂಡಿಗೆ 2000 ಮಿಲಿಮೀಟರ್ ಎಂಬ ಐಎಸ್ಒ 13855ರ ಅಂಕಿಯಿಂದ ಮುಂಭಾಗದ ಲೈಟ್ ಕರ್ಟನ್ನನ್ನು 400 ಮಿಲಿಮೀಟರ್ ದೂರದಲ್ಲಿ ಕೂರಿಸಿದ್ದರು. ಅಳೆದಾಗ ಬಂದದ್ದು 0.35 ಸೆಕೆಂಡ್. 2000ರಿಂದ ಗುಣಿಸಿದರೆ ದೂರ 500 ಮಿಲಿಮೀಟರ್ ಮೀರುವುದರಿಂದ 1600ರಿಂದ ಲೆಕ್ಕ ಹಾಕಲು ಅವಕಾಶವಿದೆ. ಹಾಗೆ ಮಾಡಿದರೂ 560 ಮಿಲಿಮೀಟರ್ ಬೇಕು. ನಮ್ಮದು 14 ಮಿಲಿಮೀಟರ್ ರೆಸಲ್ಯೂಷನ್ನಿನ, ಅಂದರೆ ಅಷ್ಟು ದಪ್ಪದ ವಸ್ತುವನ್ನೂ ಗುರುತಿಸುವ, ಕರ್ಟನ್ ಆದ್ದರಿಂದ ಇದಕ್ಕೆ ಮತ್ತೇನೂ ಕೂಡಿಸಬೇಕಾಗಲಿಲ್ಲ. ಕರ್ಟನ್ನನ್ನು ಹಿಂದೆ ಸರಿಸಿ, ನಡುವಿನ ಖಾಲಿ ಜಾಗದಲ್ಲಿ ಯಾರೂ ನಿಲ್ಲದಂತೆ ತಗಡು ಹಾಕಿದೆವು.

ತರಬೇತಿಗೆ ಮೂರು ಪಾಳಿಗಳಿಗೂ ಒಂದೊಂದು ಗಂಟೆ ಕೊಟ್ಟೆವು. ಸೆಕೆಂಡಿಗೆ 10 ಮಿಲಿಮೀಟರ್ ವೇಗ ತಾಳ್ಮೆ ಕೆಡಿಸುತ್ತದೆ ಎಂಬ ದೂರು ಬಂತು, ಅದು ನಿಜವೂ ಹೌದು. ಮೇಲಿನಿಂದ ಟೂಲ್ ಹತ್ತಿರದ ತನಕ ಬಾಗಿಲು ಮುಚ್ಚಿಕೊಂಡು ವೇಗವಾಗಿ ಇಳಿಸಿ, ಉಳಿದ ಮೂವತ್ತು ಮಿಲಿಮೀಟರನ್ನು ಮಾತ್ರ ಬಾಗಿಲು ತೆರೆದು ನಡೆಸುವ ಕ್ರಮವನ್ನು ಆಪರೇಟರ್‌ಗಳೇ ಕಂಡುಕೊಂಡರು. ಬಾಗಿಲಿನ ಹೊಸ ಸ್ವಿಚ್‌ಗಳು ಪ್ರತಿಯೊಂದೂ ತನ್ನ ಜೊತೆಯ ಒಂದೇ ಆಕ್ಚುಯೇಟರನ್ನು (ಬಾಗಿಲಿಗೆ ಕೂರಿಸಿದ ಜೋಡಿ ತುಂಡನ್ನು) ಗುರುತಿಸುವ ಬಗೆಯವು, ಹೀಗಾಗಿ ಬಿಡಿ ಮ್ಯಾಗ್ನೆಟ್ ಇನ್ನು ನಡೆಯುವುದಿಲ್ಲ. ಮೋಡ್ ಕೀಲಿಗಳು ಎರಡು ಮಾತ್ರ, ಪಾಳಿ ಬದಲಾಗುವಾಗ ಸಹಿ ಹಾಕಿ ಹಸ್ತಾಂತರ.

ಹಿಂದಿನ ಬಾಗಿಲು ತಿಂಗಳುಗಟ್ಟಲೆ ತೆರೆಯದೆಯೂ ಇರಬಹುದು, ತೆರೆಯದ ಸ್ವಿಚ್ಚಿನ ದೋಷ ಯಾರಿಗೂ ಕಾಣುವುದಿಲ್ಲ. ಇಂಥ ಬಾಗಿಲನ್ನು ಪಿಎಲ್ ಡಿ ಮಟ್ಟದಲ್ಲಿ ಹನ್ನೆರಡು ತಿಂಗಳಿಗೆ ಒಮ್ಮೆಯಾದರೂ, ಪಿಎಲ್ ಇ ಆಗಿದ್ದರೆ ತಿಂಗಳಿಗೊಮ್ಮೆಯಾದರೂ ತೆರೆದು ಪರೀಕ್ಷಿಸಬೇಕು. ನಾವು ಮೂರು ತಿಂಗಳಿಗೆ ಒಮ್ಮೆ ಎಂದು ಮೆಂಟೆನನ್ಸ್ ಪಟ್ಟಿಗೆ ಸೇರಿಸಿದ್ದೇವೆ. ಮೊದಲ ಸಲ ಅದನ್ನು ಮಾಡುವುದು ಅಂದು ಒಳಗಿದ್ದವರೇ. ಕೆಂಪು ಪೆನ್ನಿನ ತಿದ್ದುಪಡಿಗಳೆಲ್ಲ ಸೇರಿ ಹೊಸದಾಗಿ ಮುದ್ರಿಸಿದ ಡ್ರಾಯಿಂಗ್‌ನ ಒಂದು ಪ್ರತಿಯನ್ನು ಪ್ಯಾನೆಲ್ಲಿನ ಬಾಗಿಲಿನೊಳಗೆ ಇಟ್ಟಿದ್ದೇನೆ, ಇನ್ನೊಂದನ್ನು ಅವರ ಕೈಗೇ ಕೊಟ್ಟಿದ್ದೇನೆ.